ನೀರು ಊರಿನದು, ಬಿಂದಿಗೆ ಮಾತ್ರ ನಿಮ್ಮದು

ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂದರೆ ನಿಮಗೆ ಸಮಾಧಾನ, ಬಾರದಿದ್ದರೆ ನಗರಸಭೆಯವರ ಮೇಲೆ ಸಿಟ್ಟು. ಎರಡೂ ಸಹಜವೇ. ಆದರೆ ಆ ನೀರು ಎಲ್ಲಿಂದ ಬಂತು, ಹೇಗೆ ಬಂತು ಎಂದು ಒಮ್ಮೆಯಾದರೂ ವಿಚಾರಿಸಿದ್ದೀರಾ? ಇಲ್ಲವಾದರೆ ಸ್ವಲ್ಪ ಹೊತ್ತು ಕೂತು ಕೇಳಿ. ಚಾಮರಾಜನಗರದವರಿಗೂ ಗುಂಡ್ಲುಪೇಟೆಯವರಿಗೂ ಹೇಳಬೇಕಾದ ಕೆಲವು ಮಾತುಗಳಿವೆ. ಸ್ವಲ್ಪ ಖಾರವಾಗಿ ಕೇಳಿಸಿದರೆ ಬೇಸರಪಟ್ಟುಕೊಳ್ಳಬೇಡಿ. ನಿಮ್ಮ ಮನೆ ಮಕ್ಕಳ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ.

ಚಾಮರಾಜನಗರದ ನಲ್ಲಿಗೆ ಕಾವೇರಿ ನೀರು ಬರುವುದು ತಿ. ನರಸೀಪುರದ ಕಡೆಯಿಂದ. ಗುಂಡ್ಲುಪೇಟೆಗೆ ಬರುವುದು ಕಬಿನಿ ನೀರು. ಆ ಕಬಿನಿ ತುಂಬುವುದು ಕೇರಳದ ವಯನಾಡಿನಲ್ಲಿ ಮಳೆ ಹಿಡಿದಾಗ. ಓಣಂ ಹಬ್ಬಕ್ಕೆ ನಮ್ಮ ಚೆಂಡುಹೂ ಘಟ್ಟ ಇಳಿದು ಅಲ್ಲಿಗೆ ಹೋಗುತ್ತದೆ, ಅಲ್ಲಿನ ಮಳೆ ಹೊಳೆಯಾಗಿ ಇಲ್ಲಿಗೆ ಬರುತ್ತದೆ. ಗುಂಡ್ಲುಪೇಟೆಯವರಿಗೆ ಇನ್ನೂ ಒಂದು ವಿಚಾರ ಗೊತ್ತಿರಲಿ. ನಿಮ್ಮೂರ ಹೊಳೆ, ಕೌಂಡಿನ್ಯ ಎಂದು ಹಿರಿಯರು ಕರೆಯುವ ಗುಂಡ್ಲು ಹೊಳೆ, ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಸೀಮೆಯಿಂದ ಹೊರಟು ಉತ್ತರಕ್ಕೆ ಹರಿದು ನಂಜನಗೂಡಿನ ಹತ್ತಿರ ಕಪಿಲೆಯನ್ನು, ಅಂದರೆ ಇದೇ ಕಬಿನಿಯನ್ನು, ಸೇರುತ್ತದೆ. ಇಳಿಜಾರಿನಲ್ಲಿ ಪುಕ್ಕಟೆಯಾಗಿ ಇಳಿದುಹೋಗುವ ನೀರು ಅದು. ನಂಜನಗೂಡಿಗಿಂತ ಗುಂಡ್ಲುಪೇಟೆ ಸುಮಾರು 150 ಮೀಟರ್ ಎತ್ತರದಲ್ಲಿದೆ. ಕೆಳಗಿನ ಕಬಿನಿಯ ನೀರನ್ನು ಇಷ್ಟೆತ್ತರಕ್ಕೆ ಏರಿಸಲು ಮೋಟಾರ್ ಬೇಕು, ಕರೆಂಟ್ ಬೇಕು, ಹಗಲು ರಾತ್ರಿ ಕಾಯುವ ಜನ ಬೇಕು. ನಮ್ಮ ಹೊಳೆಯನ್ನು ಒಣಗಲು ಬಿಟ್ಟು, ಕೆಳಗಿನ ಹೊಳೆಯನ್ನು ದುಡ್ಡು ಕೊಟ್ಟು ಮೇಲಕ್ಕೆ ಹೊರುತ್ತಿದ್ದೇವೆ.

ದೂರದ ನೀರು ಬೇಡವೆಂದು ನಾನು ಹೇಳುತ್ತಿಲ್ಲ. ಖಂಡಿತ ಬೇಕು. ಬೇಸಿಗೆಯಲ್ಲಿ ನಮ್ಮನ್ನು ಕಾಯುವುದು ಅದೇ. ಆದರೆ ದೂರದ ನೀರು ಬಂತೆಂದು ಹತ್ತಿರದ ಕೆರೆಯನ್ನು ಕಸದ ಗುಂಡಿ ಮಾಡುವುದು ಅಟ್ಟ ಹತ್ತಿದ ಮೇಲೆ ಏಣಿ ಒದ್ದಂತೆ. ಕರೆಂಟ್ ಕೈಕೊಟ್ಟ ದಿನ, ಪೈಪ್ ಒಡೆದ ದಿನ, ಹೊಳೆಯಲ್ಲೇ ನೀರು ಇಳಿದ ವರ್ಷ ಇಳಿದು ಬರಲು ಏಣಿ ಬೇಕಲ್ಲವೇ? ಹತ್ತಿರದ ನೀರನ್ನು ಜೀವಂತ ಇಡಿ, ಬಂದ ನೀರನ್ನು ಎಲ್ಲರಿಗೂ ಸಮನಾಗಿ ಹಂಚಿ. ನಾನು ಹೇಳಬೇಕಾದದ್ದೆಲ್ಲ ಇಷ್ಟೇ. ಇನ್ನು ಮುಂದಿನದು ಇದನ್ನು ಮಾಡುವ ಬಗೆ.

ನಮ್ಮ ಸೀಮೆಯ ಮಳೆಯನ್ನು ಮೊದಲು ಅರ್ಥ ಮಾಡಿಕೊಳ್ಳಿ. ಘಟ್ಟದ ಮರೆಯಲ್ಲಿರುವ ನಾಡು ನಮ್ಮದು. ಕೊಡಗು, ವಯನಾಡಿನಲ್ಲಿ ಸುರಿಯುವ ಮುಂಗಾರು ಇಲ್ಲಿಗೆ ಬರುವ ಹೊತ್ತಿಗೆ ಅರ್ಧ ಸೊರಗಿರುತ್ತದೆ. ವರ್ಷಕ್ಕೆ ಬೀಳುವುದು ಸುಮಾರು 700 ಮಿಲಿಮೀಟರ್. ಅದರಲ್ಲಿ ದೊಡ್ಡ ಪಾಲು ಮೇ ತಿಂಗಳ ಗುಡುಗು ಮಳೆಯಲ್ಲೂ ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲೂ ಸುರಿದು ಮುಗಿಯುತ್ತದೆ. ಅದೂ ಒಂದೇ ಸಮ ಬರುವುದಿಲ್ಲ. 2022ರಲ್ಲಿ ಸುವರ್ಣಾವತಿ, ಚಿಕ್ಕಹೊಳೆ ಜಲಾಶಯಗಳು ತುಂಬಿ, ಕೆರೆಗಳು ಕೋಡಿ ಬಿದ್ದು, ತಗ್ಗಿನ ಮನೆಗಳಿಗೂ ರಸ್ತೆಗಳಿಗೂ ನೀರು ನುಗ್ಗಿತು. ಮರುವರ್ಷವೇ, 2023ರಲ್ಲಿ, ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಸಾರಬೇಕಾಯಿತು. ಒಂದು ವರ್ಷ ಮುಳುಗುವ ಭಯ, ಮರುವರ್ಷ ಒಣಗುವ ಭಯ. ಇಂಥ ಊರಿನಲ್ಲಿ ಬಿದ್ದ ಮಳೆಯನ್ನು ಹಿಡಿದಿಡುವ ಜಾಗಗಳು ಇರಲೇಬೇಕು. ಗಾಳಿ ಬಂದಾಗ ತೂರಿಕೋ ಎಂದು ರೈತರಿಗೆ ಯಾರೂ ಕಲಿಸಬೇಕಾಗಿಲ್ಲ. ಪೇಟೆಯವರಿಗೆ ಮಾತ್ರ ಮಳೆ ಬಂದಾಗ ಹಿಡಿದುಕೋ ಎಂದು ಹೇಳಿಕೊಡಬೇಕಾಗಿದೆ.

ಹಿಡಿದಿಡುವ ಜಾಗ ಎಂದರೆ ಮೊದಲು ಕೆರೆ. ಚಾಮರಾಜನಗರದ ಒಳಗೆ ದೊಡ್ಡರಸಿನ ಕೊಳ ಇದೆ, ಪಕ್ಕದಲ್ಲಿ ಕೋಡಿಮೋಳೆ ಕೆರೆ ಇದೆ. ಗುಂಡ್ಲುಪೇಟೆಗೆ ವಿಜಯಪುರ ಅಮಾನಿಕೆರೆ ಇದೆ, ಹೊಳೆಯ ಹಾದಿಯಲ್ಲಿ ನಲ್ಲೂರು ಅಮಾನಿಕೆರೆ ಇದೆ. ಈ ಭಾನುವಾರ ನಿಮ್ಮ ಮಕ್ಕಳನ್ನು ಕರೆದುಕೊಂಡು ಇವುಗಳಲ್ಲಿ ಒಂದರ ಏರಿಯ ಮೇಲೆ ನಡೆದು ಬನ್ನಿ. ಬರೀ ಸೆಲ್ಫಿ ತೆಗೆದುಕೊಂಡು ಬರಬೇಡಿ, ಕಣ್ಣಿಟ್ಟು ನೋಡಿ. ಏರಿ ಕುಸಿದಿದೆಯೇ? ಯಾರಾದರೂ ಮಣ್ಣಿಗಾಗಿ ಬುಡ ಕೆತ್ತಿದ್ದಾರೆಯೇ? ತೂಬಿನ ಬಾಯಿ ಕಾಣುತ್ತದೆಯೇ, ಜೊಂಡು ಮುಚ್ಚಿದೆಯೇ? ಕೋಡಿ ಹರಿಯುವ ಜಾಗದಲ್ಲಿ ಯಾರಾದರೂ ಗೋಡೆ ಕಟ್ಟಿದ್ದಾರೆಯೇ? ಎಲ್ಲಕ್ಕಿಂತ ಮುಖ್ಯವಾಗಿ, ಕೆರೆಗೆ ನೀರು ತರುವ ಹಳ್ಳ, ಕಾಲುವೆ ಎಲ್ಲಿವೆ? ಅವು ಸಿಗದಿದ್ದರೆ ಹತ್ತಿರದ ಹಿರಿಯರನ್ನು ಕೇಳಿ. ಇಂಥ ಬಡಾವಣೆ ಆಗುವ ಮುಂಚೆ ಇಲ್ಲೇ ಹಳ್ಳ ಹರಿಯುತ್ತಿತ್ತು ಎಂದು ತೋರಿಸುತ್ತಾರೆ.

ಕೆರೆ ಕೆಡುವುದು ಬಹುಮಟ್ಟಿಗೆ ಹೀಗೆಯೇ. ಕೆರೆಯ ಅಂಗಳವನ್ನು ಯಾರೂ ಒಂದೇ ದಿನದಲ್ಲಿ ನುಂಗುವುದಿಲ್ಲ. ಮೊದಲು ಕಾಲುವೆಗೆ ಒಂದು ಲೋಡ್ ಕಟ್ಟಡದ ಅವಶೇಷ ಬೀಳುತ್ತದೆ, ಆಮೇಲೆ ಕೋಳಿ ಅಂಗಡಿಯ ತ್ಯಾಜ್ಯ, ಆಮೇಲೆ ಯಾರದೋ ಶೆಡ್ಡು. ನೀರು ಬರುವ ದಾರಿ ಮುಚ್ಚಿತೆಂದರೆ ಕೆರೆ ತಾನಾಗಿ ಮೈದಾನವಾಗುತ್ತದೆ, ಮೈದಾನವಾದ ಮೇಲೆ ನಿವೇಶನವಾಗುವುದು ತಡವಿಲ್ಲ. ಮತ್ತೆ 2022ರಂಥ ಮಳೆ ಬಂದಾಗ ನೀರು ತನ್ನ ಹಳೆಯ ದಾರಿ ಹುಡುಕಿಕೊಂಡು ಆ ಮನೆಗಳ ಬಾಗಿಲಿಗೇ ಬರುತ್ತದೆ. ಆಗ ಅತ್ತು ಪ್ರಯೋಜನವಿಲ್ಲ. ಆದ್ದರಿಂದ ನಿವೇಶನ ಕೊಳ್ಳುವ ಮುಂಚೆ ಗ್ರಾಮನಕಾಶೆ ತೆಗೆಸಿ ಹಳ್ಳ, ಕಾಲುವೆ ಎಲ್ಲಿದೆಯೆಂದು ನೋಡಿಕೊಳ್ಳಿ. ಬೆಲೆ ಅಗ್ಗ ಎಂದು ಹಳ್ಳದ ಜಾಗಕ್ಕೆ ಬಾಯಿ ಬಿಡಬೇಡಿ. ಮನೆ ಕಟ್ಟುವವರು ಇಟ್ಟಿಗೆ ಚೂರು, ಸಿಮೆಂಟ್ ಕಸವನ್ನು ಕಾಲುವೆಗೆ ಸುರಿಸಬೇಡಿ. ಟ್ರ್ಯಾಕ್ಟರಿನವನು ಎಲ್ಲಿ ಹಾಕಿದನೋ ನನಗೆ ಗೊತ್ತಿಲ್ಲ ಎನ್ನುವ ಮಾತು ನಡೆಯುವುದಿಲ್ಲ. ಬಾಡಿಗೆ ಕೊಟ್ಟವರು ನೀವು, ಎಲ್ಲಿ ಹಾಕಬೇಕೆಂದು ಹೇಳಬೇಕಾದವರೂ ನೀವೇ. ಹಬ್ಬದಲ್ಲಿ ಬಣ್ಣ ಬಳಿದ ಪ್ಲಾಸ್ಟರ್ ಗಣಪತಿಯನ್ನು ಕೊಳಕ್ಕೆ ಬಿಡಬೇಡಿ. ಮಣ್ಣಿನ ಗಣಪ ಸಾಕು, ಭಕ್ತಿಗೆ ಅದರಿಂದ ಕೊರತೆಯಿಲ್ಲ.

ಕೆರೆ ತುಂಬಿಸುವ ಯೋಜನೆ ಬಂದಿದೆಯಲ್ಲ, ಇನ್ನೇನು ಚಿಂತೆ ಎನ್ನುವವರೂ ಇದ್ದಾರೆ. ನಂಜನಗೂಡು ಸೀಮೆಯ ಆಲಂಬೂರಿನಿಂದ ಕಬಿನಿ ನೀರನ್ನು ಎತ್ತಿ ಹುತ್ತೂರು, ವಡ್ಡಗೆರೆ ಮುಂತಾದ ಕೆರೆಗಳಿಗೆ ಬಿಡುವ ಏರ್ಪಾಡು ನಮ್ಮ ರೈತರು ಬೀದಿಗಿಳಿದು ಕೇಳಿ ಪಡೆದದ್ದು. ಅದನ್ನು ಹಗುರವಾಗಿ ಕಾಣಬೇಡಿ. ಕೆರೆಗೆ ನೀರು ಬಂದ ಊರುಗಳಲ್ಲಿ ಬತ್ತಿದ ಕೊಳವೆಬಾವಿಗೂ ಜೀವ ಬರುತ್ತದೆ. ಆದರೆ ಪಂಪಿನ ನೀರು ಹೊಳೆಯಲ್ಲಿ ನೀರಿದ್ದಾಗ, ಕರೆಂಟ್ ಇದ್ದಾಗ ಮಾತ್ರ ಬರುವುದು. ಕೆರೆಯಲ್ಲಿ ಆಳುದ್ದ ಹೂಳು ತುಂಬಿದ್ದರೆ ಅಷ್ಟು ಖರ್ಚು ಮಾಡಿ ತಂದ ನೀರು ತೆಳ್ಳಗೆ ಹರಡಿ ಬಿಸಿಲಿಗೆ ಆರಿಹೋಗುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಹೂಳು ತೆಗೆಯಿರಿ. ಒಳ್ಳೆಯ ಹೂಳು ಹೊಲಕ್ಕೆ ಗೊಬ್ಬರ. ಆದರೆ ಹೂಳಿನ ನೆಪದಲ್ಲಿ ಏರಿಯ ಬುಡ ಅಗೆಯಲು, ಇಟ್ಟಿಗೆ ಗೂಡಿಗೆ ಮಣ್ಣು ಸಾಗಿಸಲು ಯಾರಿಗೂ ಬಿಡಬೇಡಿ. ಕೈ ಕೆಸರಾದರೆ ಬಾಯಿ ಮೊಸರು, ಸರಿ, ಆದರೆ ಕೆಸರು ಊರಿನದು, ಮೊಸರು ಒಬ್ಬನದು ಆಗಬಾರದು.

ಇನ್ನು ಬಚ್ಚಲ ನೀರಿನ ಮಾತು. ಪಾತ್ರೆ ತೊಳೆದ ನೀರು, ಬಟ್ಟೆ ಒಗೆದ ನೀರು, ಪಾಯಿಖಾನೆಯ ನೀರು ನಿಮ್ಮ ಮನೆಯಿಂದ ಹೊರಟು ಎಲ್ಲಿಗೆ ಹೋಗುತ್ತದೆ? ಮುಂದಿನ ಚರಂಡಿಗೆ ಎನ್ನುತ್ತೀರಿ. ಚರಂಡಿ ಎಲ್ಲಿಗೆ? ಆ ಕಡೆ ಎಲ್ಲೋ ಎನ್ನುತ್ತೀರಿ. ಆ ಕಡೆ ಎಲ್ಲೋ ಎಂದರೆ ಇಳಿಜಾರು. ಇಳಿಜಾರಿನ ಕೊನೆಗೆ ಇರುವುದು ಕೆರೆ ಅಥವಾ ಹಳ್ಳ. ಊರೊಳಗೆ ಒಳಚರಂಡಿ ಇದ್ದರೆ ಮನೆಯ ಸಂಪರ್ಕವನ್ನು ಅದಕ್ಕೇ ಕೊಡಿಸಿ. ಖರ್ಚಾಗುತ್ತದೆಂದು ಪಾಯಿಖಾನೆಯ ಪೈಪನ್ನು ಮಳೆನೀರಿನ ಚರಂಡಿಗೆ ಬಿಡಬೇಡಿ, ಮಳೆನೀರನ್ನು ಒಳಚರಂಡಿಗೂ ಬಿಡಬೇಡಿ. ಒಳಚರಂಡಿ ಇಲ್ಲದ ಕಡೆ ಇಂಗುಗುಂಡಿ ಮಾಡಿಸಿ, ಆದರೆ ಕುಡಿಯುವ ನೀರಿನ ಬಾವಿ, ಬೋರ್‌ವೆಲ್ ಹತ್ತಿರ ಬೇಡವೇ ಬೇಡ. ಪಾತ್ರೆ ತೊಳೆದ ನೀರನ್ನು ಹಿತ್ತಿಲ ಬಾಳೆ, ತೆಂಗು, ಕರಿಬೇವಿಗೆ ತಿರುಗಿಸಿ. ನಮ್ಮ ಅಜ್ಜಿಯರು ಮಾಡುತ್ತಿದ್ದದ್ದು ಇದನ್ನೇ.

ನೀರಿಗೆ ಕೊಳಕು ಸೇರಿದರೆ ಏನಾಗುತ್ತದೆ ಎಂಬುದಕ್ಕೆ ದೂರ ಹುಡುಕಬೇಕಾಗಿಲ್ಲ. 2024ರ ಮೇ ತಿಂಗಳಲ್ಲಿ ಮೈಸೂರು ತಾಲ್ಲೂಕಿನ ಕೆ. ಸಾಲುಂಡಿಯಲ್ಲಿ ಕಲುಷಿತ ನೀರು ಕುಡಿದು ಹಲವರು ಆಸ್ಪತ್ರೆ ಸೇರಿದರು, ಒಬ್ಬ ಯುವಕ ತೀರಿಹೋದ. ನೀರಿನ ಬಣ್ಣ ಬದಲಾದರೆ, ವಾಸನೆ ಬಂದರೆ ಪಕ್ಕದ ಮನೆಯವರು ಹೇಳಲಿ ಎಂದು ಕಾಯಬೇಡಿ. ಆ ದಿನವೇ ವಾಟರ್‌ಮನ್‌ಗೆ ತಿಳಿಸಿ, ನಗರಸಭೆಗೆ ದೂರು ಬರೆದುಕೊಡಿ, ಅಲ್ಲಿಯವರೆಗೆ ನೀರನ್ನು ಚೆನ್ನಾಗಿ ಕುದಿಸಿ ಕುಡಿಯಿರಿ.

ಈಗ ತಾರಸಿಯ ಲೆಕ್ಕ ಮಾಡೋಣ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ ತಾರಸಿ ಸಾವಿರ ಚದರಡಿ ಎಂದಿಟ್ಟುಕೊಳ್ಳಿ, ಅಂದರೆ ಸುಮಾರು 93 ಚದರ ಮೀಟರ್. 700 ಮಿಲಿಮೀಟರ್ ಮಳೆಗೆ 65 ಸಾವಿರ ಲೀಟರ್ ಆಯಿತು. ಆರಿದ್ದು, ಸೋರಿದ್ದು, ಮೊದಲ ಮಳೆಯ ಕೊಳೆ ಎಂದು ಬಿಟ್ಟದ್ದು ಕಳೆದರೂ 50 ಸಾವಿರಕ್ಕೆ ಮೋಸವಿಲ್ಲ. ಪೇಟೆಯವರಿಗೆ ದಿನಕ್ಕೆ ತಲೆಗೆ 135 ಲೀಟರ್ ಎಂದು ಸರ್ಕಾರದ ಲೆಕ್ಕ. ಐದು ಜನರ ಮನೆಗೆ ಇದು ಎರಡು ತಿಂಗಳು ದಾಟಿಸುವ ನೀರು. ಇದನ್ನೆಲ್ಲ ಚರಂಡಿಗೆ ಹರಿಯಬಿಟ್ಟು, ಏಪ್ರಿಲ್‌ನಲ್ಲಿ ಟ್ಯಾಂಕರಿನವನ ಫೋನ್ ನಂಬರ್ ಹುಡುಕುತ್ತೀರಲ್ಲ, ಇದು ಸರಿಯೇ? ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದವರೇ ನೀವು.

ಮಾಡುವುದು ಕಷ್ಟವೇನಲ್ಲ. ಮಳೆಗಾಲಕ್ಕೆ ಮುಂಚೆ ತಾರಸಿ ಗುಡಿಸಿ. ಮಳೆನೀರಿನ ಪೈಪಿನ ಬಾಯಿಗೆ ಜಾಲರಿ ಹಾಕಿಸಿ. ಮೊದಲ ಒಂದೆರಡು ಮಳೆಯ ನೀರನ್ನು ಹೊರಗೆ ಬಿಡಿ. ಆಮೇಲಿನದನ್ನು ಮರಳು, ಜಲ್ಲಿಯ ಶೋಧಕದ ಮೂಲಕ ಸಂಪಿಗೆ ಇಳಿಸಿ. ಸಂಪು ತುಂಬಿದ ಮೇಲೆ ಉಳಿದದ್ದನ್ನು ಬೋರ್‌ವೆಲ್ ಪಕ್ಕದಲ್ಲಿ ಮಳೆನೀರಿಗೆಂದೇ ತೋಡಿದ ಬೇರೆ ಇಂಗುಗುಂಡಿಗೆ ಬಿಡಿ. ಬೋರ್‌ವೆಲ್ ಕೇಸಿಂಗ್ ಒಳಗೇ ಕೊಳೆ ನೀರನ್ನು ಸುರಿಯುವ ಬುದ್ಧಿವಂತಿಕೆ ಬೇಡ. ಅಂಗಳಕ್ಕೆಲ್ಲ ಸಿಮೆಂಟ್ ಹಾಕಿಸಿ ನೆಲದ ಉಸಿರು ಕಟ್ಟಿಸಬೇಡಿ, ಒಂದಷ್ಟು ಮಣ್ಣು ತೆರೆದಿರಲಿ.

ಬೋರ್‌ವೆಲ್ ಎಂದೆನಲ್ಲ, ಅದರ ಬಗ್ಗೆಯೂ ಎರಡು ಮಾತು. ನಮ್ಮದು ಗಟ್ಟಿ ಕಲ್ಲಿನ ನೆಲ. ಕಲ್ಲಿನ ಬಿರುಕುಗಳಲ್ಲಿ ನಿಂತ ನೀರನ್ನು ನಾವು ಎಳೆಯುತ್ತಿದ್ದೇವೆ. ಅದು ಮನೆಯ ಹಿರಿಯರು ಕಟ್ಟಿಟ್ಟ ಇಡುಗಂಟು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು. ಇನ್ನೂರು ಅಡಿಗೆ ಸಿಗದಿದ್ದರೆ ಐನೂರು, ಐನೂರಕ್ಕೆ ಸಿಗದಿದ್ದರೆ ಎಂಟುನೂರು ಎಂದು ಕೊರೆಸುತ್ತ ಹೋದರೆ ಮೊದಲು ಬತ್ತುವುದು ಪಕ್ಕದ ಬಡವನ ಬಾವಿ. ಎಂಟುನೂರು ಅಡಿ ಕೊರೆಸುವ ದುಡ್ಡು ಅವನ ಹತ್ತಿರ ಇಲ್ಲ. ಅಂತರ್ಜಲಕ್ಕೆ ರಾಜ್ಯದಲ್ಲಿ 2011ರ ಕಾಯ್ದೆ ಇದೆ. ಅಧಿಸೂಚಿತ ಪ್ರದೇಶದಲ್ಲಿ ಅನುಮತಿಯಿಲ್ಲದೆ ಕೊರೆಸುವಂತಿಲ್ಲ. ನೀರು ಸಿಗದ ಬೋರ್‌ವೆಲ್ ಬಾಯಿ ತೆರೆದಿಡುವುದಂತೂ ಮಹಾಪರಾಧ. ಮುಚ್ಚಲೇಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಮಗು ಬಿದ್ದ ಮೇಲೆ ಮುಚ್ಚುವುದು ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಸುತ್ತಲಿನ ರೈತರಿಗೂ ಕೈಮುಗಿದು ಒಂದು ಮಾತು. ಅರಿಶಿನ, ಬಾಳೆ ನಮ್ಮ ನೆಲಕ್ಕೆ ಹಣ ತಂದ ಬೆಳೆಗಳು, ಬೇಡವೆನ್ನಲು ನಾನ್ಯಾರು? ಆದರೆ ಎರಡಕ್ಕೂ ನೀರಿನ ಹಸಿವು ಜಾಸ್ತಿ. ಸಾಲಿಗೆ ಹರಿಯಬಿಡುವುದನ್ನು ನಿಲ್ಲಿಸಿ ಹನಿ ನೀರಾವರಿಗೆ ಬನ್ನಿ. ಗಿಡದ ಬುಡಕ್ಕೆ ತರಗು, ಬಾಳೆ ಎಲೆ ಹೊದಿಸಿ. ಹೊಲದ ತಗ್ಗಿನಲ್ಲಿ ಒಂದು ಕೃಷಿ ಹೊಂಡ ಇರಲಿ. ಎಲ್ಲ ಎಕರೆಗೂ ಅರಿಶಿನವೇ ಬೇಡ. ಒಂದು ಪಾಲು ಹುರುಳಿ, ಅಲಸಂದೆ, ರಾಗಿ ಇದ್ದರೆ ಬರದ ವರ್ಷದಲ್ಲಿ ಕೈ ಹಿಡಿಯುತ್ತದೆ. ಪೇಟೆಯವರು ರೈತರನ್ನು ಬೈಯುವುದು, ರೈತರು ಪೇಟೆಯವರನ್ನು ಬೈಯುವುದು ಎರಡೂ ಬೇಡ. ನೆಲದಡಿಯ ನೀರಿಗೆ ಪುರಸಭೆಯ ಗಡಿ ಕಾಣುವುದಿಲ್ಲ.

ಇನ್ನು ಊರೊಳಗಿನ ಹಂಚಿಕೆ. ನಾನು ಹೆಚ್ಚು ಗದರಬೇಕಾದ್ದು ಇಲ್ಲಿಯೇ. ಬೀದಿಯ ನಲ್ಲಿ ಪೈಪಿಗೆ ನೇರವಾಗಿ ಮೋಟಾರ್ ಹಚ್ಚುವ ಅಭ್ಯಾಸ ಬಿಡಿ. ಅದು ಕಳ್ಳತನ, ಬೇರೆ ಹೆಸರಿಲ್ಲ. ಏನಾಗುತ್ತದೆ ನೋಡಿ. ನೀರು ಬಿಡುತ್ತಿದ್ದ ಹಾಗೆ ನಾಲ್ಕು ಮನೆಯವರು ಸ್ವಿಚ್ ಒತ್ತುತ್ತಾರೆ. ಪೈಪಿನ ಒತ್ತಡವೆಲ್ಲ ಆ ನಾಲ್ಕು ಮನೆಯ ಸಂಪಿಗೆ ಇಳಿಯುತ್ತದೆ. ಬೀದಿಯ ಕೊನೆ ಮನೆಯ ನಲ್ಲಿ ಬುಸ್ ಬುಸ್ ಎಂದು ಗಾಳಿ ಬಿಟ್ಟು ಸುಮ್ಮನಾಗುತ್ತದೆ. ಬಿಂದಿಗೆ ಹಿಡಿದು ನಿಂತ ಹೆಂಗಸು ನೀರು ನಿಂತಿತು ಎಂದುಕೊಂಡು ಒಳಗೆ ಹೋಗುತ್ತಾಳೆ. ಅಷ್ಟಕ್ಕೇ ಮುಗಿಯುವುದಿಲ್ಲ. ಪೈಪ್ ಎಲ್ಲಾದರೂ ಚರಂಡಿಯ ಪಕ್ಕ ಸೀಳಿದ್ದರೆ, ಮೋಟಾರಿನ ಎಳೆತಕ್ಕೆ ಚರಂಡಿಯ ನೀರೂ ಒಳಗೆ ಬರುತ್ತದೆ. ಅದು ಮೊದಲು ಸೇರುವುದು ಮೋಟಾರ್ ಹಾಕಿದವರ ಸಂಪಿಗೇ. ಮಾಡಿದ್ದುಣ್ಣೋ ಮಹರಾಯ ಎನ್ನುವುದು ಇದಕ್ಕೆ. ಆದರೆ ಮಾಡದವರೂ ಉಣ್ಣಬೇಕಾಗುತ್ತದಲ್ಲ, ಅದೇ ಸಂಕಟ. ಮೋಟಾರ್ ಬೇಕೇ ಬೇಕೆಂದರೆ ನೀರು ತಾನಾಗಿ ಸಂಪಿಗೆ ಬೀಳಲಿ, ಸಂಪಿನಿಂದ ಮೇಲಿನ ಟ್ಯಾಂಕಿಗೆ ಏರಿಸಿಕೊಳ್ಳಿ.

ನೀರು ಬಿಡುವ ಹೊತ್ತಿನ ಬಗ್ಗೆಯೂ ಯೋಚಿಸಿ. ಹೊತ್ತು ಗೊತ್ತಿಲ್ಲದೆ ನೀರು ಬಂದರೆ ಮನೆಯಲ್ಲಿ ಆಳು ಇರುವವರಿಗೆ ತೊಂದರೆಯಿಲ್ಲ. ಕೂಲಿಗೆ ಹೋಗುವವಳು ಒಂದು ದಿನದ ಕೂಲಿ ಬಿಡಬೇಕು, ಇಲ್ಲವೇ ಶಾಲೆಗೆ ಹೋಗುವ ಮಗಳನ್ನು ಮನೆಯಲ್ಲಿ ನಿಲ್ಲಿಸಬೇಕು. ಯಾವ ಬೀದಿಗೆ ಯಾವ ದಿನ, ಎಷ್ಟು ಹೊತ್ತಿಗೆ ನೀರು ಎಂಬುದನ್ನು ಗೋಡೆಯ ಮೇಲೆ ಬರೆಸಿ ಎಂದು ನಿಮ್ಮ ಸದಸ್ಯರನ್ನು ಕೇಳಿ. ಚಾಮರಾಜನಗರ ನಗರಸಭೆಯಲ್ಲಿ 31 ವಾರ್ಡ್, ಗುಂಡ್ಲುಪೇಟೆ ಪುರಸಭೆಯಲ್ಲಿ 23 ವಾರ್ಡ್. ಪ್ರತಿ ವಾರ್ಡಿನಲ್ಲೂ ಒಂದು ಬೋರ್ಡ್ ಬರೆಸುವುದು ದೊಡ್ಡ ಖರ್ಚಲ್ಲ. ವಾಲ್ವ್ ತಿರುಗಿಸುವವನ ಕೈಗೆ ಇಪ್ಪತ್ತು ರೂಪಾಯಿ ತುರುಕಿ ನಿಮ್ಮ ಬೀದಿಗೆ ಅರ್ಧ ಗಂಟೆ ಹೆಚ್ಚು ಬಿಡಿಸಿಕೊಳ್ಳಬೇಡಿ. ಹಿಂದೆ ಊರಿನ ನೀರುಗಂಟಿ ತೂಬು ತೆಗೆದು ಸರದಿ ಪ್ರಕಾರ ಗದ್ದೆಗೆ ನೀರು ಬಿಡುತ್ತಿದ್ದ. ಅವನ ಜೀವನಕ್ಕೆ ಸುಗ್ಗಿಯಲ್ಲಿ ಊರೆಲ್ಲ ಕಾಳು ಕೊಡುತ್ತಿತ್ತು. ಆದ್ದರಿಂದ ಅವನು ಯಾರಿಗೂ ಬಗ್ಗಬೇಕಾಗಿರಲಿಲ್ಲ. ಇಂದಿನ ವಾಟರ್‌ಮನ್ ಕೂಡ ಸರಿಯಾದ ಸಂಬಳ ಪಡೆದು, ತಲೆಯೆತ್ತಿ ಕೆಲಸ ಮಾಡುವಂತಾಗಬೇಕು. ಅವರನ್ನು ಏಕವಚನದಲ್ಲಿ ಗದರುವುದನ್ನೂ ಬಿಡಿ.

ಮನೆಯೊಳಗಿನ ಕೆಲವು ದುರಭ್ಯಾಸಗಳೂ ಇವೆ. ಹೊಸ ನೀರು ಬಂತೆಂದು ನಿನ್ನೆ ಹಿಡಿದಿಟ್ಟ ನೀರನ್ನು ಬೀದಿಗೆ ಚೆಲ್ಲುತ್ತೀರಿ. ಮುಚ್ಚಿಟ್ಟ ಒಳ್ಳೆಯ ನೀರು ಒಂದು ದಿನದಲ್ಲಿ ಹಳಸುವುದಿಲ್ಲ. ಎರಡೂ ಊರಿನಲ್ಲಿ ಸೇರಿ ಇಪ್ಪತ್ತು ಸಾವಿರ ಮನೆ ಎಂದು ಹಿಡಿದರೂ, ಮನೆಗೊಂದು ಬಿಂದಿಗೆ ಚೆಲ್ಲಿದರೆ ಮೂರು ಲಕ್ಷ ಲೀಟರ್. ಅಂದರೆ ಐದು ಸಾವಿರ ಲೀಟರಿನ ಅರವತ್ತು ಟ್ಯಾಂಕರ್! ಹಳೆಯ ನೀರು ಬೇಡವೆನಿಸಿದರೆ ಗಿಡಕ್ಕೆ ಹಾಕಿ, ನೆಲ ಒರೆಸಿ. ತೊಟ್ಟಿ, ಡ್ರಮ್ಮುಗಳನ್ನು ಮುಚ್ಚಿಡಿ, ವಾರಕ್ಕೊಮ್ಮೆ ತಿಕ್ಕಿ ಒಣಗಿಸಿ, ಡೆಂಗಿ ಸೊಳ್ಳೆ ಮೊಟ್ಟೆಯಿಡುವುದು ಅಲ್ಲಿಯೇ. ತೊಟ್ಟಿಕ್ಕುವ ನಲ್ಲಿ ಇದ್ದರೆ ರಾತ್ರಿ ಅದರ ಕೆಳಗೆ ಒಂದು ಬಕೆಟ್ ಇಟ್ಟು ಮಲಗಿ, ಬೆಳಿಗ್ಗೆ ನೋಡಿ. ಆಮೇಲೆ ವಾಷರ್ ಹಾಕಿಸಲು ನಾನು ಹೇಳಬೇಕಾಗುವುದಿಲ್ಲ. ಶುದ್ಧ ನೀರಿನ ಯಂತ್ರ ಮನೆಯಲ್ಲಿದ್ದರೆ ಅದು ಒಂದು ಲೀಟರ್ ಕೊಡಲು ಎರಡು ಮೂರು ಲೀಟರ್ ಹೊರಗೆ ಬಿಡುತ್ತದೆ. ಆ ನೀರಿನಲ್ಲಿ ಬಚ್ಚಲು ತೊಳೆಯಿರಿ. ಸ್ಕೂಟರನ್ನು ಪೈಪ್ ಹಿಡಿದು ಮೀಯಿಸಬೇಡಿ, ಒಂದು ಬಕೆಟ್, ಒಂದು ಬಟ್ಟೆ ಸಾಕು. ಹಳ್ಳಿಯ ಮನೆಗೆ ಜಲಜೀವನ್ ಯೋಜನೆಯಲ್ಲಿ ತಲೆಗೆ 55 ಲೀಟರ್ ಎಂದು ಲೆಕ್ಕ, ನಿಮಗೆ 135. ಹೆಚ್ಚು ಪಡೆದವರು ಹೆಚ್ಚು ಜೋಪಾನವಾಗಿರಬೇಕು.

ಇನ್ನೊಂದು ಮಾತಿದೆ, ಮನಸ್ಸು ಗಟ್ಟಿ ಮಾಡಿಕೊಂಡು ಕೇಳಿ. 2022ರ ನವೆಂಬರ್‌ನಲ್ಲಿ ಚಾಮರಾಜನಗರ ತಾಲ್ಲೂಕಿನ ಹೆಗ್ಗೊಠಾರದಲ್ಲಿ, ಮದುವೆಗೆ ಬಂದಿದ್ದ ದಲಿತ ಮಹಿಳೆಯೊಬ್ಬರು ಬೀದಿಯ ತೊಂಬೆಯ ನಲ್ಲಿಯಲ್ಲಿ ನೀರು ಕುಡಿದರು. ಅದಕ್ಕಾಗಿ ತೊಂಬೆಯ ನೀರನ್ನೆಲ್ಲ ಖಾಲಿ ಮಾಡಿ ಗೋಮೂತ್ರ ಹಾಕಿ ತೊಳೆದರು ಎಂಬ ಸುದ್ದಿ ನಾಡಿಗೆಲ್ಲ ಹರಡಿತು. ಪ್ರಕರಣ ದಾಖಲಾಯಿತು. ತಹಶೀಲ್ದಾರರು ಊರಿಗೆ ಬಂದು ದಲಿತರನ್ನು ಜೊತೆಗೆ ಕರೆದೊಯ್ದು ಊರಿನ ತೊಂಬೆಗಳಲ್ಲಿ ನೀರು ಕುಡಿಸಿದರು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ಕೇಳುವ ಭಾಷೆ ನಮ್ಮದು. ಬಂದವರಿಗೆ ಮೊದಲು ಒಂದು ಲೋಟ ನೀರು ಕೊಡುವ ಸೀಮೆ ನಮ್ಮದು. ಅಂಥಲ್ಲಿ ಇದು ನಡೆಯಿತು. ಬಾಬಾಸಾಹೇಬ್ ಅಂಬೇಡ್ಕರರು ಮಹಾಡದ ಚೌದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿದ್ದು 1927ರಲ್ಲಿ. ಬಾವಿ, ಕೆರೆ, ಸ್ನಾನಘಟ್ಟ ಎಲ್ಲರಿಗೂ ತೆರೆದಿರಬೇಕು ಎಂದು ಸಂವಿಧಾನದ 15ನೇ ವಿಧಿ ಬಾಯಿಬಿಟ್ಟು ಹೇಳಿದೆ. ಇಷ್ಟಾದ ಮೇಲೂ ತೊಂಬೆಯ ಮುಂದೆ ಜಾತಿ ಕೇಳುವುದು ಘೋರ ತಪ್ಪು, ಶಿಕ್ಷೆಯಾಗುವ ಅಪರಾಧ. ನಮ್ಮೂರಲ್ಲಿ ಹಾಗೇನಿಲ್ಲ ಎನ್ನಬೇಡಿ. ನಿಮ್ಮ ಊರಿನ ಹೊಸ ಪೈಪ್‌ಲೈನ್ ಕೊನೆಗೆ ತಲುಪಿದ್ದು ಯಾವ ಬೀದಿಗೆ, ಟ್ಯಾಂಕರ್ ಮೊದಲು ನಿಲ್ಲುವುದು ಎಲ್ಲಿ, ಚರಂಡಿ ನೀರು ನಿಲ್ಲುವುದು ಯಾರ ಮನೆಯ ಮುಂದೆ ಎಂದು ಒಮ್ಮೆ ನೋಡಿ ಬನ್ನಿ. ಕೊನೆಯ ಬೀದಿಗೆ ನೀರು ಸರಿಯಾಗಿ ಬಂದರೆ ಊರಿಗೆಲ್ಲ ಸರಿಯಾಗಿ ಬಂತು ಎಂದೇ ಲೆಕ್ಕ.

ಬರ ಬಂದ ಮೇಲೆ ನೋಡಿಕೊಳ್ಳೋಣ ಎನ್ನುವವರಿಗೆ ದೊಡ್ಡ ಊರುಗಳ ಪಾಠವಿದೆ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್ 2018ರಲ್ಲಿ ನಲ್ಲಿಗಳನ್ನೇ ನಿಲ್ಲಿಸಬೇಕಾದ ದಿನದ ಹತ್ತಿರಕ್ಕೆ ಹೋಯಿತು. ಅಲ್ಲಿನ ಜನರು ತಲೆಗೆ ದಿನಕ್ಕೆ 50 ಲೀಟರ್ ಎಂಬ ಕಟ್ಟಳೆಯಲ್ಲಿ ಬದುಕಿದರು. ಬೆಂಗಳೂರಿನಲ್ಲಿ 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ, ಟ್ಯಾಂಕರ್ ದರಕ್ಕೆ ಸರ್ಕಾರ ಮಿತಿ ಹಾಕಬೇಕಾಯಿತು. ಕೆರೆಗಳನ್ನು ಮುಚ್ಚಿ ಬಸ್ ನಿಲ್ದಾಣ, ಬಡಾವಣೆ ಮಾಡಿಕೊಂಡ ಊರು ಅದು. ನಮ್ಮ ಊರುಗಳು ಇನ್ನೂ ಚಿಕ್ಕವು. 2011ರ ಜನಗಣತಿಯಲ್ಲಿ ಚಾಮರಾಜನಗರದಲ್ಲಿ ಸುಮಾರು 70 ಸಾವಿರ ಜನ, ಗುಂಡ್ಲುಪೇಟೆಯಲ್ಲಿ 28 ಸಾವಿರ. ಆಮೇಲೆ ಬೆಳೆದಿವೆ, ಇನ್ನೂ ಬೆಳೆಯುತ್ತವೆ. ಆದರೆ ಕೆರೆಗಳು ಇನ್ನೂ ಕೆರೆಗಳಾಗಿಯೇ ಇವೆ. ತಿದ್ದಿಕೊಳ್ಳಲು ಇದೇ ಸರಿಯಾದ ಕಾಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲು ಹೋಗಬೇಡಿ.

ಒಬ್ಬರಿಂದ ಏನಾಗುತ್ತದೆ ಎಂದು ಕೇಳಬೇಡಿ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ. ನೀರಿನ ಕಂದಾಯ ಬಾಕಿ ಇಟ್ಟುಕೊಳ್ಳದೆ ಕಟ್ಟಿ. ಕಟ್ಟಿದವರಿಗೆ ಕೇಳುವ ಬಾಯಿ ಇರುತ್ತದೆ. ಕಟ್ಟಲಾರದ ಬಡವರ ನಲ್ಲಿ ಕತ್ತರಿಸಲು ಬಂದರೆ ಅವರ ಪರವಾಗಿ ನಿಂತು ಮಾತಾಡಿ. ನೀರಿನ ಪರೀಕ್ಷೆಯ ವರದಿ ಏನು ಹೇಳುತ್ತದೆ, ಪೈಪಿನಲ್ಲಿ ಎಷ್ಟು ಸೋರುತ್ತಿದೆ, ನಮ್ಮ ಕೆರೆಯ ಗಡಿಕಲ್ಲು ನೆಟ್ಟಿದ್ದಾರೆಯೇ ಎಂದು ವರ್ಷಕ್ಕೊಮ್ಮೆಯಾದರೂ ಬರವಣಿಗೆಯಲ್ಲಿ ಕೇಳಿ. ಕೆರೆ ಸಂರಕ್ಷಣೆಗೆ 2014ರ ಕಾಯ್ದೆ ಇದೆ, ಒತ್ತುವರಿ ಕಂಡರೆ ಹೆದರದೆ ಅರ್ಜಿ ಕೊಡಿ. ಒಬ್ಬರೇ ಹೋಗಬೇಡಿ, ಬೀದಿಯ ನಾಲ್ಕಾರು ಜನ ಸೇರಿ ಹೋಗಿ, ಸ್ತ್ರೀಶಕ್ತಿ ಸಂಘದವರನ್ನು ಮುಂದೆ ನಿಲ್ಲಿಸಿ. ನೀರಿನ ಕಷ್ಟ ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ.

ಇದನ್ನೆಲ್ಲ ಒಂದೇ ದಿನ ಮಾಡಿ ಎಂದು ನಾನು ಹೇಳುವುದಿಲ್ಲ. ಮೇ ತಿಂಗಳ ಮೊದಲ ಮಳೆಗೆ ಮುಂಚೆ ಮೂರು ಕೆಲಸ ಮುಗಿಸಿ. ನಲ್ಲಿ ಪೈಪಿಗೆ ಹಚ್ಚಿದ ಮೋಟಾರ್ ಬಿಚ್ಚಿಸಿ. ತಾರಸಿಯ ನೀರಿಗೆ ಸಂಪಿನ ದಾರಿ ತೋರಿಸಿ. ನಿಮ್ಮ ಬೀದಿಯ ಮಳೆನೀರು ಕೆರೆ ಸೇರುವ ಕಾಲುವೆಯಲ್ಲಿ ಏನು ಸಿಕ್ಕಿಕೊಂಡಿದೆ ಎಂದು ನೋಡಿ, ಅಕ್ಕಪಕ್ಕದವರನ್ನು ಕರೆದು ತೆಗೆಸಿ. ಉಳಿದದ್ದಕ್ಕೆ ಆಮೇಲೆ ಕೈ ಹಾಕಿದರಾಯಿತು. ನೀವು ಮನಸ್ಸು ಮಾಡಿದರೆ ಮಾಡುವವರೇ ಎಂಬ ನಂಬಿಕೆಯಿಂದ ಇಷ್ಟು ಹೇಳಿದ್ದೇನೆ. ನಾಳೆ ಎನ್ನದೆ ಇವತ್ತೇ ಶುರು ಮಾಡಿ.